ಕನ್ನಡಿಯಲ್ಲಿ ಕಂಡ ಕೈ

"ಇದರ ಮೇಲೆ ನಾಲ್ಕು ಜನ ಆರಾಮಾಗಿ ಕೂರ್ತಾರೆ. ಬೇಕಾದ್ರೆ ಅತ್ತೆ ಮನೆಯೋರನ್ನೂ ಸೇರಿಸ್ಕೊಳ್ಳಿ," ಎಂದು ಅಂಗಡಿಯವನು ಗಾಳಿ ತುಂಬಿ ನಿಲ್ಲಿಸಿದ್ದ ಹಳದಿ ಟ್ಯೂಬಿನ ಬೆನ್ನು ತಟ್ಟಿದ.

"ಚೀಟಿಯಲ್ಲಿ ಇಬ್ಬರು ಅಂತಿದೆಯಲ್ಲ?" ಕೊಳ್ಳಲು ಬಂದಿದ್ದ ಬೋಟಿನವನ ಅಕ್ಕನ ಮಗಳು ಬಗ್ಗಿ ಓದಿದಳು.

"ಚೀಟಿ ಬರೆದೋರು ಬೋಟು ಹತ್ತಿದ್ದಾರಾ, ಅಮ್ಮಾ?"

"ಹತ್ತಿ ಬಿದ್ದಿದ್ದಕ್ಕೇ ಬರೆದಿರ್ತಾರೆ."

ಅಂಗಡಿಯವನು ನಕ್ಕ. ಬೋಟಿನವನು ನಗಲಿಲ್ಲ. ಬೋಟಿನ ಹಿಂದೆ ಟ್ಯೂಬು ಕಟ್ಟಿ ಜನರನ್ನು ನೀರ ಮೇಲೆ ಕುಣಿಸುವುದು ಅವನ ಹದಿನಾಲ್ಕು ವರ್ಷಗಳ ಕಸುಬು. ಹೋದ ಬೇಸಿಗೆಯಿಂದ ಅದನ್ನು ಬಿಟ್ಟು, ಜನರನ್ನು ಆಚೆ ದಡಕ್ಕೆ ದಾಟಿಸುವುದಷ್ಟೇ ಮಾಡುತ್ತಿದ್ದ. "ಎಷ್ಟು ದಿನ ಹೀಗೆ ಮುಖ ಗಂಟು ಹಾಕ್ಕೊಂಡಿರ್ತೀಯೋ, ಹೋಗಿ ಹೊಸದು ತಗೊಂಡು ಬಾ," ಎಂದು ಅಕ್ಕನೇ ಅಟ್ಟಿದ್ದಳು. "ಅವನ ಕಣ್ಣಿಗೆ ಬಣ್ಣ ಬಿಟ್ಟು ಬೇರೇನೂ ಕಾಣಲ್ಲ, ನೀನೂ ಹೋಗು," ಎಂದು ಮಗಳನ್ನು ಜೊತೆಗೆ ಕಳಿಸಿದ್ದಳು.

ಹೊರಗಿನವರ ವಿಷಯದಲ್ಲಿ ಅವನು ಬಲು ಬಿಗಿ. ಲೈಫ್ ಜಾಕೆಟ್ಟಿನ ಪಟ್ಟಿಯನ್ನು ತಾನೇ ಎಳೆದು ನೋಡುತ್ತಿದ್ದ, ಹಗ್ಗವನ್ನು ಉದ್ದಕ್ಕೂ ಸವರಿ ನೋಡುತ್ತಿದ್ದ. ಹಿಂದಕ್ಕೆ ಮುಖ ಮಾಡಿ ಟ್ಯೂಬನ್ನೇ ನೋಡುತ್ತ ಕೂರಲು ಒಬ್ಬನಿಲ್ಲದೆ ಇಂಜಿನ್ ಮುಟ್ಟುತ್ತಿರಲಿಲ್ಲ. "ಹಿಡಿಯನ್ನ ಮುಷ್ಟಿಯಲ್ಲಿ ಹಿಡೀರಿ, ಬಳೆ ಥರ ಕೈಗೆ ತೊಡಬೇಡಿ. ಬೀಳೋ ಹೊತ್ತಿಗೆ ಬಿಡೋಕೆ ಬರ್ಬೇಕು," ಎಂದು ಮೂರು ಸಲ ಹೇಳುತ್ತಿದ್ದ. ಆದರೆ ಹೋದ ಬೇಸಿಗೆಯ ಆ ಭಾನುವಾರ ಬಂದವರು ಮನೆಯವರು. ಮನೆಯವರಿಗೂ ಪಾಠ ಒಪ್ಪಿಸಿದರೆ ದೊಡ್ಡಸ್ತಿಕೆ ಅಂದುಕೊಂಡಾರೆಂದು ನಗುನಗುತ್ತ ಹಗ್ಗ ಬಿಗಿದ. ಇಬ್ಬರ ಟ್ಯೂಬಿನಲ್ಲಿ ಮೂವರು ಕೂತರು. ಹಿಂದೆ ನೋಡಬೇಕಿದ್ದ ಭಾವ ಮುಂದೆ ತಿರುಗಿ ಗಾಳಿ ಕುಡಿಯುತ್ತ ಕೂತ. ತಿರುವಿನಲ್ಲಿ ಟ್ಯೂಬು ಮಗುಚಿತು. ಇಬ್ಬರು ಹಾರಿ ನೀರಿಗೆ ಬಿದ್ದು ನಕ್ಕರು. ಹಿಡಿಯೊಳಗೆ ಮಣಿಕಟ್ಟು ತೂರಿಸಿದ್ದ ಅಕ್ಕನ ಮಗಳಿಗೆ ಬೀಳಲೂ ಆಗಲಿಲ್ಲ; ಮಣಿಕಟ್ಟು ಮುರಿಯಿತು.

ಆಗ ಅವಳು ಕೂದಲು ಕತ್ತರಿಸುತ್ತಿದ್ದ ಸಲೂನಿನಲ್ಲಿ ಅವಳ ಕತ್ತರಿಗೇ ಕಾದು ಕೂರುವ ಜನರಿದ್ದರು. ಮೂಳೆ ಕೂಡಿತು, ಬೆರಳಿನ ಹದ ಮರಳಲಿಲ್ಲ. ಈಗ ಅದೇ ಸಲೂನಿನಲ್ಲಿ ಫೋನ್ ಎತ್ತುತ್ತಾಳೆ.

"ಹಾಗಾದ್ರೆ ಇದು ನೋಡಿ," ಅಂಗಡಿಯವನು ಇನ್ನೊಂದನ್ನು ಉರುಳಿಸಿಕೊಂಡು ಬಂದ. "ಒಳಗೆ ಇಳಿದು ಕೂರೋದು, ಇಬ್ಬರಿಗೆ. ಹಿಡಿ ಸಂದಿಯಲ್ಲಿ ಬೆರಳು ಬಿಟ್ರೆ ಏನೂ ತೂರಲ್ಲ."

"ನನ್ನಂಥ ಪೆದ್ದಿಯರಿಗೇ ಮಾಡಿರೋದು," ಅವಳು ಹಿಡಿಯೊಳಗೆ ಬೆರಳಿಟ್ಟು ನೋಡಿದಳು. "ಕೈ ತೂರಿಸ್ಬೇಡಿ ಅಂತ ದಡದ ಬೋರ್ಡಲ್ಲಿ ಅಷ್ಟು ದೊಡ್ಡದಾಗಿ ಬರೆದಿತ್ತು, ಮಾವ. ಓದ್ಕೊಂಡೇ ಹೋಗಿ ಕೈ ತೂರಿಸ್ದೆ."

ಇದನ್ನವಳು ವರ್ಷದಿಂದ ಹೇಳುತ್ತಲೇ ಇದ್ದಳು. ಪ್ರತಿ ಸಲವೂ ಅವನು "ಆಗಿದ್ದು ಆಯ್ತು ಬಿಡು" ಎನ್ನುತ್ತಿದ್ದ. ಈ ಸಲ ಅಂಗಡಿಯವನ ಕಡೆ ತಿರುಗಿ ಬೆಲೆ ಕೇಳಿದ.

ಅದನ್ನೇ ಕೊಂಡರು. ಗಾಳಿ ಬಿಟ್ಟು, ಮಡಿಸಿ, ಆಚೆ ತುದಿ ಅವಳು ಈಚೆ ತುದಿ ಅವನು ಹಿಡಿದು ರಸ್ತೆಯ ಕೊನೆಯಲ್ಲಿದ್ದ ವ್ಯಾನಿನತ್ತ ಹೊರಟರು. ನಡುದಾರಿಯಲ್ಲಿ ಅವನು ನಿಂತುಬಿಟ್ಟ.

"ನಾನು ನೋಡಿದ್ದೆ."

"ಏನನ್ನ?"

"ನಿನ್ನ ಕೈನ. ಹಿಡಿಯೊಳಗೆ ತೂರಿಸಿದ್ದು ಬೋಟಿನ ಕನ್ನಡಿಯಲ್ಲಿ ಕಾಣ್ತು, ತಿರುವಿಗೆ ಮುಂಚೇನೇ. ನಿಲ್ಲಿಸ್ಬೇಕು ಅನ್ಸಿತ್ತು. ನೀವೆಲ್ಲ ಇನ್ನೂ ಜೋರು, ಇನ್ನೂ ಜೋರು ಅಂತಿದ್ರಿ. ಆಟ ಕೆಡಿಸೋದು ಯಾಕೆ ಅಂತ..."

ಸ್ಕೂಟರೊಂದು ಹಾರನ್ ಹೊಡೆಯುತ್ತ ಅವರನ್ನು ಬಳಸಿ ಹೋಯಿತು.

"ಒಂದು ವರ್ಷ ನನ್ನನ್ನೇ ಬೈಕೊಂಡೆ, ಮಾವ. ನೀವು ಎದುರಿಗೇ ಕೂತು ಕಾಫಿ ಕುಡೀತಿದ್ರಿ."

"ಈಗ ನನ್ನ ಬೈದ್ಬಿಡು."

"ಅಮ್ಮನಿಗೆ ಹೇಳಿದೀರಾ?"

"ಇಲ್ಲ."

"ಹೇಳ್ಬೇಡಿ. ಅವಳಿಗಿರೋದು ನೀವೊಬ್ರೇ ತಮ್ಮ. ನಾನು ಬಸ್ಸಲ್ಲಿ ಹೋಗ್ತೀನಿ."

ತನ್ನ ಕಡೆಯ ತುದಿಯನ್ನು ಮೆಲ್ಲಗೆ ನೆಲಕ್ಕಿಳಿಸಿ, ಅಂಗೈಯ ಧೂಳು ಒರೆಸಿಕೊಂಡು, ಅವಳು ಬಸ್ ನಿಲ್ದಾಣದ ಕಡೆ ನಡೆದಳು. ಅವನು ಒಬ್ಬನೇ ಎತ್ತಲು ನೋಡಿದ. ಮಡಿಕೆ ಬಿಚ್ಚಿಕೊಂಡು, ಒಳಗುಳಿದಿದ್ದ ಗಾಳಿ ಬುಸ್ಸೆಂದು ಹೊರಬಂತು. ಟ್ಯೂಬು ರಸ್ತೆಯ ಮೇಲೆ ಹರಡಿಕೊಂಡಿತು. ಅಂಗಡಿಯವನು ಓಡಿ ಬಂದು ಅವಳು ಬಿಟ್ಟುಹೋದ ತುದಿಯನ್ನು ಎತ್ತಿಕೊಂಡ.