ಮಡಿಚದ ಕಾಲು

ಚೂಡಾಮಣಿಯ ಬಲಮಂಡಿ ಜಪ್ಪಯ್ಯ ಅಂದರೂ ಕೆಳಗಿಳಿಯಲಿಲ್ಲ. ಎಂಟು ತಿಂಗಳಿಂದ ದಿನಾ ಬೆಳಿಗ್ಗೆ ಪಾದಕ್ಕೆ ಪಾದ ಕೂಡಿಸಿ ಬದ್ಧಕೋಣಾಸನದಲ್ಲಿ ಕೂರುತ್ತಿದ್ದಾಳೆ, ಮಂಡಿ ಮಾತ್ರ ನೆಲದಿಂದ ಗೇಣು ಮೇಲೇ ನಿಂತಿದೆ. ಪಕ್ಕದ ಚಾಪೆಯ ವಿದೇಶಿ ಹೆಂಗಸು ಬಂದು ಎರಡು ವಾರವಾಗಿಲ್ಲ, ಮೊನ್ನೆ ಮಂಡಿಯನ್ನು ನೆಲಕ್ಕೆ ಅಂಟಿಸಿ, ಸಾಲದ್ದಕ್ಕೆ ಬಿಕ್ಕಿ ಬಿಕ್ಕಿ ಅತ್ತು, ಮುಖ ಒರೆಸಿಕೊಂಡು ಹಗುರಾಗಿ ಎದ್ದು ಹೋಗಿದ್ದಳು. ನೋಡಿ ಚೂಡಾಮಣಿಗೆ ಮೈಯೆಲ್ಲ ಉರಿದಿತ್ತು.

ಲಕ್ಷ್ಮೀಪುರಂನ ಆ ಯೋಗಶಾಲೆಯಲ್ಲಿ ಒಂದು ಪದ್ಧತಿ. ಒಂದು ಆಸನ ಕೂಡಿಬರುವ ತನಕ ಮುಂದಿನದನ್ನು ಕೊಡುವುದಿಲ್ಲ. ಎಲ್ಲಿ ಸಿಕ್ಕಿಕೊಂಡಿರೋ ಅಲ್ಲೇ ನಿಲ್ಲಬೇಕು. ಉಳಿದವರು ತಲೆಕೆಳಗಾಗುತ್ತ, ಕಾಲನ್ನು ಕತ್ತಿನ ಹಿಂದೆ ಹಾಕಿಕೊಳ್ಳುತ್ತ ಮುಂದೆ ಹೋದರು. ಮೂವತ್ತು ವರ್ಷ ವೀಣೆ ಪಾಠ ಹೇಳಿದ, ಆರನೇ ವಯಸ್ಸಿನಿಂದ ಚಕ್ಕಳಮಕ್ಕಳ ಹಾಕಿ ಕೂತ ಚೂಡಾಮಣಿ ಮಾತ್ರ ಫೇಲಾದ ಹುಡುಗಿಯ ಹಾಗೆ ಅದೇ ಬೆಂಚಿನಲ್ಲಿ ಉಳಿದಳು.

ಡಾಕ್ಟರು ಮೂಳೆ ಸರಿಯಾಗಿದೆ ಅಂದಿದ್ದರು. ಸೊಂಟದ ಸ್ನಾಯು ಬಿಗಿದಿದೆ, ಯೋಗ ಮಾಡಿ ಅಂದಿದ್ದರು. ಅವಳು ವೀಣೆ ಹಿಡಿದು ಕೂತರೆ ಐದೇ ನಿಮಿಷಕ್ಕೆ ತೊಡೆಯ ಸಂದಿಯಲ್ಲಿ ಚಳುಕು ಹೊಡೆಯುತ್ತಿತ್ತು. ಪಾಠಕ್ಕೆ ಬರುವವರು ಒಬ್ಬೊಬ್ಬರಾಗಿ ಬಿಟ್ಟರು. ಕುರ್ಚಿಯಲ್ಲಿ ಕೂತು ನುಡಿಸಬಹುದಲ್ಲ ಎಂದವರಿಗೆ ಅವಳು ಉತ್ತರ ಕೊಡಲೂ ಹೋಗಲಿಲ್ಲ. ಅರಮನೆಯಲ್ಲಿ ನುಡಿಸಿದ ವಂಶ, ವೀಣೆಯನ್ನು ನೆಲದಲ್ಲಿ, ತೊಡೆಯ ಮೇಲೆ, ಕಾಲು ಮಡಿಚಿ ಹಿಡಿಯಬೇಕು. ಅದಕ್ಕೆ ಕಾಲಿನ ತುದಿ ತಗುಲಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಅಪ್ಪ ಪುಟ್ಟಣ್ಣನವರು ಹಾಗೇ ಬೆಳೆಸಿದ್ದರು.

ಅಪ್ಪನ ವೀಣೆಯೇ ಈಗ ಅವಳ ಗಂಟಲಲ್ಲಿ ಸಿಕ್ಕಿಕೊಂಡಿದ್ದುದು. ಅಪ್ಪ ತೀರಿಕೊಂಡಾಗ ಅದು ತಮ್ಮ ಸುಪ್ರೀತನ ಮನೆ ಸೇರಿತು. ಅವನಿಗೆ ಸರಳೆ ವರಸೆಯೂ ಬರುವುದಿಲ್ಲ. ಗಂಡುಮಗನ ಮನೆಗೆ ಹೋಯಿತು, ಅಷ್ಟೆ, ಯಾರೂ ಯಾರನ್ನೂ ಕೇಳಲಿಲ್ಲ. ಭಾನುವಾರ ಸುಪ್ರೀತ ಫೋನ್ ಮಾಡಿದ್ದ. ರಿಂಗ್ ರೋಡಿನ ಹೊಸ ಹೋಟೆಲಿನವರು ದಸರಾ ಹೊತ್ತಿಗೆ ರಿಸೆಪ್ಷನ್ನಿನಲ್ಲಿ ಇಡುವುದಕ್ಕೆ ಹಳೇ ವೀಣೆ ಕೇಳುತ್ತಿದ್ದಾರೆ, ಶುಕ್ರವಾರ ಬಂದು ಒಯ್ಯುತ್ತಾರೆ, ಏನಂತೀಯ ಅಂದ. ಅವಳು "ನಿನ್ನಿಷ್ಟ ಕಣೋ" ಅಂದಳು. ಕೇಳಿ ಪಡೆಯುವುದು ಅವರ ಮನೆಯ ಹೆಂಗಸರಿಗೆ ಬರುವುದಿಲ್ಲ. ನನಗೆ ಬೇಕು ಅನ್ನೋಣವೆಂದರೆ, ಐದು ನಿಮಿಷ ಕೂರಲಾಗದವಳು ಯಾವ ಮುಖ ಇಟ್ಟುಕೊಂಡು ಕೇಳುವುದು. ಮೊದಲು ಕಾಲು ಮಡಿಚಲಿ, ಆಮೇಲೆ ಕೇಳುತ್ತೇನೆ ಎಂದು ಲೆಕ್ಕ ಹಾಕಿದ್ದಳು. ಇವತ್ತು ಗುರುವಾರ.

ಗುರು ಅಭಿರಾಮ ಬಂದು ಅವಳ ಹಿಂದೆ ಕೂತ. ಇಪ್ಪತ್ತಾರರ ಹುಡುಗ, ದನಿ ಮಾತ್ರ ಎಂಬತ್ತರದು.

"ಸೊಂಟದಲ್ಲೇ ದುಃಖ ಶೇಖರ ಆಗೋದಮ್ಮ. ಹಿಡ್ಕೊಂಡಿದೀರ ನೀವು. ಬಿಟ್ಬಿಡಿ."

"ಏನನ್ನಪ್ಪ ಬಿಡ್ಲಿ? ಎಂಟು ತಿಂಗಳಿಂದ ಇದನ್ನೇ ಹೇಳ್ತಿದೀಯ. ನನಗೇನೂ ಅಳು ಬರ್ತಿಲ್ಲ."

"ಬರೋದು ಬರ್ಲಿ. ತಡೀಬೇಡಿ."

ಅವನು ಬೆನ್ನಿನ ಮೇಲೆ ಎದೆಯ ಭಾರ ಹಾಕಿ ಮೆಲ್ಲಗೆ ಮುಂದಕ್ಕೆ ಒತ್ತಿದ. ಸಂದಿಯಲ್ಲಿ ಉರಿ ಎದ್ದಿತು. ಅಳು ಬರಲಿಲ್ಲ. ಹಲ್ಲು ಕಚ್ಚಿ ಹಿಡಿದಿದ್ದ ಬಾಯಿಂದ, ಉಸಿರಿನ ಸದ್ದು ಬಿಟ್ಟರೆ ಬೇರೇನೂ ಇಲ್ಲದ ಆ ಹಾಲಿನಲ್ಲಿ, ಅವಳ ದನಿ ಜೋರಾಗಿ ಬಂತು.

"ಅದು ನಂದು. ಆ ವೀಣೆ ನಂದು ಕಣ್ರೀ."

ಎಲ್ಲರೂ ಇದ್ದಲ್ಲೇ ಕತ್ತು ತಿರುಗಿಸಿದರು. ಅಭಿರಾಮ ಕೈ ತೆಗೆದ. ಮಂಡಿ ನೋಡಿಕೊಂಡಳು, ಗೇಣು ಗೇಣೇ ಇತ್ತು. ಹಾಳಾಗಿ ಹೋಗಲಿ ಎಂದು ಚಾಪೆಯನ್ನೂ ಸುತ್ತದೆ ಎದ್ದು, ಆಟೋ ಹತ್ತಿ ಸರಸ್ವತಿಪುರಂಗೆ ಹೋದಳು.

ಸುಪ್ರೀತ ಆಫೀಸಿಗೆ ಹೊರಟು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದ. ಹೆಂಡತಿ ಮಾಲವಿಕಾ ತಿಂಡಿ ಡಬ್ಬಿ ಮುಚ್ಚುತ್ತಿದ್ದಳು. ನಡುಮನೆಯ ಗಾಜಿನ ಬೀರುವಿನಲ್ಲಿ ವೀಣೆ ಇತ್ತು, ಎದುರು ಗೋಡೆಯ ಮೇಲೆ ಅಪ್ಪನ ಫೋಟೊ.

"ವೀಣೆ ನನಗೆ ಬೇಕು" ಅಂದಳು ಚೂಡಾಮಣಿ. ಕೂತುಕೊಳ್ಳಲೂ ಇಲ್ಲ.

ಸುಪ್ರೀತ ಅವಳ ಯೋಗದ ಪ್ಯಾಂಟನ್ನೂ ಕೆದರಿದ ತಲೆಯನ್ನೂ ನೋಡಿದ. "ಭಾನುವಾರ ಹೇಳೋದಲ್ವೇನೇ? ಅವರಿಗೆ ಮಾತು ಕೊಟ್ಬಿಟ್ಟಿದೀನಿ. ಅಲ್ಲ, ನಿನಗೆ ಕೂರೋಕೇ ಆಗಲ್ಲ. ತಗೊಂಡು ಏನ್ಮಾಡ್ತೀಯ? ಅಲ್ಲಾದ್ರೆ ನಾಕು ಜನ ನೋಡ್ತಾರೆ."

ಅವನ ಮಾತಿನಲ್ಲಿ ಕೆಟ್ಟತನವೇನೂ ಇರಲಿಲ್ಲ. ಅದಕ್ಕೇ ಅವಳಿಗೆ ಇನ್ನಷ್ಟು ಕೆರಳಿತು. ಎಂಟು ತಿಂಗಳು ಅವಳು ತನಗೆ ತಾನೇ ಹೇಳಿಕೊಂಡದ್ದನ್ನೇ ಅವನೂ ಹೇಳಿದ್ದ.

ಅವಳು ಬೀರುವಿನ ಬಾಗಿಲು ತೆಗೆದು, ಎರಡೂ ಕೈಯಲ್ಲಿ ವೀಣೆಯನ್ನು ತಬ್ಬಿ ಇಳಿಸಿ, ನೆಲದ ಮೇಲೆ ಕೂತಳು. ಎಡಗಾಲು ಮಡಿಚಿತು. ಬಲಗಾಲನ್ನು ಎಳೆದಳು, ಒತ್ತಿದಳು, ಮಂಡಿಗೆ ಗುದ್ದಿದಳು. ಬರಲಿಲ್ಲ. ಆಮೇಲೆ ಅದನ್ನು ವೀಣೆಯ ದಂಡಿಯ ಕೆಳಗಿನಿಂದ ನೆಟ್ಟಗೆ ಮುಂದಕ್ಕೆ ಚಾಚಿಬಿಟ್ಟಳು. ಅಂಗಾಲು ಸೀದಾ ಅಪ್ಪನ ಫೋಟೊಗೆ ಮುಖಮಾಡಿ ನಿಂತಿತು.

"ಅಕ್ಕಾ, ಕಾಲು" ಅಂದಳು ಮಾಲವಿಕಾ, ಸಣ್ಣಗೆ.

"ಗೊತ್ತು."

ಬಿರಡೆಗಳು ಬಿಗಿದುಹೋಗಿದ್ದವು. ಒಂದೊಂದನ್ನೂ ಬಲವಾಗಿ ತಿರುವಿ, ತುಕ್ಕು ಹಿಡಿದ ತಂತಿಯನ್ನು ಶ್ರುತಿಗೆ ತರುವಷ್ಟರಲ್ಲಿ ಸುಪ್ರೀತ ಎರಡು ಸಲ ಗಡಿಯಾರ ನೋಡಿದ. ಅವಳು ನುಡಿಸಲು ಶುರುಮಾಡಿದಳು. ಐದು ನಿಮಿಷವಾಯಿತು. ಹತ್ತಾಯಿತು. ಚಾಚಿದ ಕಾಲಿಗೆ ನೋವಿರಲಿಲ್ಲ. ಇಷ್ಟು ಸುಲಭವಾಗಿತ್ತಲ್ಲ ಎಂದು ಅವಳಿಗೆ ಎಂಟು ತಿಂಗಳ ಮೇಲೆ, ಅಭಿರಾಮನ ಮೇಲೆ, ತನ್ನ ಮೇಲೆ, ಗೋಡೆಯ ಮೇಲಿದ್ದವರ ಮೇಲೆ ತಡೆಯಲಾರದಷ್ಟು ಸಿಟ್ಟು ಬಂತು. ಆ ಸಿಟ್ಟಿನಲ್ಲೇ ನುಡಿಸಿದಳು. ಒಂದೆರಡು ಕಡೆ ಅಪಸ್ವರ ಬಂತು, ನಿಲ್ಲಿಸಲಿಲ್ಲ.

ಸುಪ್ರೀತ ಚಪ್ಪಲಿ ಬಿಚ್ಚಿ ಒಳಗೆ ಬಂದು, ಅಕ್ಕನ ಚಾಚಿದ ಕಾಲನ್ನು ದಾಟದೆ ಸುತ್ತಿಕೊಂಡು ಹೋಗಿ, ಕಿಟಕಿಯ ಹತ್ತಿರ ನಿಂತು ಹೋಟೆಲಿನವರಿಗೆ ಫೋನ್ ಮಾಡಿದ.

"ಇಲ್ಲ ಸಾರ್" ಅಂದ. "ವೀಣೆ ನಂದಲ್ಲ. ನಮ್ಮಕ್ಕಂದು."