ಸಬೀನೆ ಮಾತಾಡ್ತಿದೀನಿ

ಹೆಸರಿನ ಹಬ್ಬಕ್ಕೆ ಪ್ಲೊವ್‌ಡಿವ್‌ನಲ್ಲಿ ಯಾರೂ ಯಾರನ್ನೂ ಕರೆಯಲ್ಲ. ಕರೆದ್ರೇ ತಪ್ಪು. ಮೇಜಿನ ಮೇಲೆ ಊಟ ಜೋಡಿಸಿ ಬಾಗಿಲ ಕಡೆ ಕಿವಿ ಕೊಟ್ಟು ಕೂತಿರಬೇಕು, ಬರೋರು ತಾವಾಗೇ ಬರ್ತಾರೆ. ಈಸ್ಟರ್‌ಗೆ ಮುಂಚಿನ ಭಾನುವಾರ ಅಂದ್ರೆ ಹೂವು, ಗಿಡಮರದ ಹೆಸರಿರೋರ ಹಬ್ಬ. ಊರಲ್ಲಿ ಅಂಥೋರಿಗೇನು ಬರ, ಒಂದು ಬಾಗಿಲು ತೆಗೀದಿದ್ರೆ ಜನ ಬಸ್ ಹತ್ತಿ ಆಚೆ ಬಡಾವಣೆ ವಿಯೊಲೆಟಾ ಮನೆಗೆ ಹೋಗ್ತಾರೆ, ಅಷ್ಟೇ.

ತ್ಸ್ವೆತಾನಾ ಅಂದ್ರೂ ಹೂವು ಅಂತಾನೇ. ಅವಳ ಮನೆ ಬಾಗಿಲು ಹೋದ ವರ್ಷ ತೆಗೀಲಿಲ್ಲ. ಅವಳು ಒಳಗೇ ಇದ್ಲು, ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಕೆಲಸದಲ್ಲಿದ್ಲು. ಹೊರಗೆ ಪೆನ್ಕಾ ದೊಡ್ಡಮ್ಮ ಹೂವಿನ ಕುಂಡ ಹಿಡ್ಕೊಂಡು ನಿಂತೂ ನಿಂತೂ ವಾಪಸ್ ಹೋಗಿದ್ರು. ಈ ದೊಡ್ಡಮ್ಮ ರಕ್ತ ಸಂಬಂಧ ಏನಲ್ಲ. ಚರ್ಚಿನಲ್ಲಿ ಇವಳನ್ನ ಎತ್ಕೊಂಡು ಹೆಸರಿಟ್ಟೋರು. ಅಪ್ಪ ಅಮ್ಮ ದುಡಿಯೋಕೆ ಅಂತ ಸ್ಪೇನಿಗೆ ಹೋಗಿ ಅಲ್ಲೇ ಉಳಿದ್ಮೇಲೆ ಇವಳ ಮನೆಗೆ ಬರೋರು ಅಂತ ಇದ್ದಿದ್ದು ಅವರೊಬ್ರೇ. ಆಮೇಲೆ ಫೋನಲ್ಲಿ ನೇರವಾಗೇ ಹೇಳಿದ್ರು, ಮುಂದಿನ ವರ್ಷಾನೂ ಹಿಂಗೇ ಆದ್ರೆ ನಾನಿನ್ನು ಆ ಮೆಟ್ಲು ಹತ್ತಲ್ಲ ಕಣೇ ಅಂತ.

ಅದಕ್ಕೇ ಈ ಸಲ ಹಬ್ಬದ ಭಾನುವಾರಕ್ಕೆ ಚಳಿಗಾಲದಲ್ಲೇ ರಜ ಕೇಳಿದ್ಲು. ರಜ ಸಿಕ್ಕಿತ್ತು ಕೂಡ. ಶನಿವಾರ ಸಂಜೆ, ಹಬ್ಬದ ಮೀನಿಗೆ ಉಪ್ಪು ಹಚ್ತಿದ್ದಾಗ, ತಂಡದ ಮೇಲಿನೋನು ರಾಂಗೆಲ್ ಮೆಸೇಜ್ ಹಾಕಿದ. ಇಬ್ಬರು ಕೆಲಸ ಬಿಟ್ಟಿದಾರೆ, ಜರ್ಮನ್ ಲೈನಿಗೆ ಜನ ಇಲ್ಲ, ರಜ ರದ್ದು, ಬೇಜಾರು ಮಾಡ್ಕೋಬೇಡ. ಕೊನೇಲಿ ಒಂದು ನಗು ಮುಖ.

ಹೆಂಗೂ ಮನೆಯಿಂದಾನೇ ಕೆಲಸ, ಎರಡೂ ನಡೆಸಬಹುದು ಅನ್ಕೊಂಡ್ಲು ಪಾಪ.

ಜರ್ಮನಿಯ ಹೋಟೆಲುಗಳಲ್ಲಿ ಕೀ ಕಾರ್ಡ್ ಕೊಡೋ ಮಿಷಿನ್ ಕೆಟ್ರೆ, ಪಾಸ್‌ವರ್ಡ್ ಮರೆತೋದ್ರೆ, ಫೋನ್ ಬಂದು ಬೀಳೋದು ಇವಳ ಕಿವಿಗೆ. ಒಂದು ಕಾಲ್ ಮುಗೀತು ಅನ್ನೋಷ್ಟರಲ್ಲಿ ಟಿಂಗ್ ಅಂತ ಇನ್ನೊಂದು. ಎತ್ತೋದು ಬಿಡೋದು ಇವಳ ಕೈಲಿಲ್ಲ, ತಾನಾಗೇ ಎತ್ಕೊಳ್ಳುತ್ತೆ. ಸರದಿ ಉದ್ದ ಇದ್ದಾಗ ನೀರು ಕುಡಿಯೋಕೆ ಎದ್ದೇಳಬೇಕಂದ್ರೂ ರಾಂಗೆಲ್ ಒಪ್ಪಿಗೆ ಬೇಕು. ಇವಳ ಹೆಸರು ಜರ್ಮನ್ನರ ನಾಲಿಗೆಗೆ ತೊಡಕು ಅಂತ ಕಂಪನಿಯೋರೇ ಇನ್ನೊಂದು ಹೆಸರು ಕೊಟ್ಟಿದ್ರು, ಸಬೀನೆ. ಬರ್ತಾ ಬರ್ತಾ ರಾಂಗೆಲ್ ಕೂಡ ಹಂಗೇ ಕರೆಯೋಕೆ ಶುರು ಮಾಡಿದ್ದ, ಇವಳೂ ಓಗೊಡ್ತಿದ್ಲು.

ಭಾನುವಾರ ಮಧ್ಯಾಹ್ನ ಬೆಲ್ ಆಯ್ತು. ಸದ್ಯ, ಆಗ ಒಬ್ಬ ಗಿರಾಕೀನ ಹೋಲ್ಡ್ ಮ್ಯೂಸಿಕ್ ಕೇಳೋಕೆ ಬಿಟ್ಟಿದ್ಲು. ಓಡಿ ಹೋಗಿ ಬಾಗಿಲು ತೆಗೆದ್ಲು. ದೊಡ್ಡಮ್ಮ, ಕೈಲಿ ಮತ್ತೆ ಹೂಕುಂಡ. ತಬ್ಬಿ ಹರಸೋಕೆ ಬಾಯಿ ತೆಗೆದ್ರೆ ಇವಳು ತುಟಿ ಮೇಲೆ ಬೆರಳಿಟ್ಲು. ಕಾಲ್‌ನಲ್ಲಿ ಮನೆ ಸದ್ದು ಕೇಳಿದ್ರೆ ಕಂಪನಿಯೋರು ಅಂಕ ಕಡೀತಾರೆ.

ದೊಡ್ಡಮ್ಮ ಕೋಟೂ ಬಿಚ್ಚದೆ ಕೂತ್ರು. ಇದೊಂದು ಮುಗಿಸಿ ಬಂದೆ ಅಂತ ಇವಳು ಸನ್ನೆ ಮಾಡಿದ್ಲು. ಅದು ಮುಗೀತು, ಟಿಂಗ್. ರಾಂಗೆಲ್‌ಗೆ ಬರೆದ್ಲು, ಹತ್ತು ನಿಮಿಷ ಬಿಡಪ್ಪ, ಮನೆಗೆ ಜನ ಬಂದಿದಾರೆ. ಉತ್ತರ ಇಲ್ಲ. ಟಿಂಗ್. ಮೂಲೆ ಮೇಜಿಂದ ಇವಳು ನೋಡ್ತಾನೇ ಇದ್ಲು. ದೊಡ್ಡಮ್ಮ ತಾವೇ ಮೀನು ಬಡಿಸ್ಕೊಂಡ್ರು, ಚಮಚ ತಟ್ಟೆಗೆ ತಾಗದ ಹಾಗೆ ತಿಂದ್ರು. ಸಾವಿನ ಮನೇಲೂ ಇಷ್ಟು ಮೆತ್ತಗೆ ತಿನ್ನಲ್ಲ ಯಾರೂ.

ಮತ್ತೆ ಟಿಂಗ್. ಇವಳು ಜೇನಿನಂಥಾ ದನೀಲಿ ಶುರು ಮಾಡಿದ್ಲು, ನಮಸ್ಕಾರ, ಸಬೀನೆ ಮಾತಾಡ್ತಿದೀನಿ.

ದೊಡ್ಡಮ್ಮಂಗೆ ಜರ್ಮನ್ ಒಂದಕ್ಷರ ಬರಲ್ಲ. ಆದ್ರೆ ಪ್ರತಿ ಸಲ ಅದೇ ಒಂದು ಮಾತು ಬರ್ತಿರೋದು ಗೊತ್ತಾಗದೆ ಇರುತ್ತಾ. ತಟ್ಟೆ ತೊಳೆದಿಟ್ಟು, ಇವಳ ಹತ್ರ ಬಂದು ನಿಂತು, ಎರಡು ಕಾಲ್ ನಡುವಿನ ಆ ಚೂರು ಸಂದೀಲಿ ಕೇಳಿದ್ರು.

"ಸಬೀನೆ ಯಾರೇ?"

"ನಾನೇ ದೊಡ್ಡಮ್ಮ. ಕೆಲಸದ ಹೆಸರು."

"ಇವತ್ತೂನಾ?"

ಟಿಂಗ್. ಇವಳ ಬಾಯಿ ತಾನಾಗೇ ತೆರ್ಕೊಂಡು ನಮಸ್ಕಾರ ಅಂತು.

"ನಮ್ಮತ್ರ ಒಂದಿನಾನೂ ಇಷ್ಟು ನಯವಾಗಿ ಮಾತಾಡಿಲ್ಲ ನೀನು," ಅಂದ್ರು ದೊಡ್ಡಮ್ಮ. ಸಿಟ್ಟೂ ಇರ್ಲಿಲ್ಲ ದನೀಲಿ. "ಆಯ್ತು. ಆ ಸಬೀನೆ ಹಬ್ಬ ಯಾವತ್ತೋ ನಂಗೆ ಗೊತ್ತಿಲ್ಲ. ನಾನು ವಿಯೊಲೆಟಾ ಮನೆಗೆ ಹೋಗ್ತೀನಿ."

ಬಾಗಿಲ ಹತ್ರ ಅವರು ಬೂಟು ಹಾಕ್ಕೊಳ್ಳೋದು ಕಾಣ್ತಿತ್ತು. ಕಿವೀಲಿ ಗಿರಾಕಿ ಕಾಯ್ತಿದ್ದ. ಇವಳು ಗಟ್ಟಿಯಾಗಿ, ಕೋಣೆ ತುಂಬಾ ಕೇಳೋ ಹಾಗೆ ಹೇಳಿದ್ಲು, "ತ್ಸ್ವೆತಾನಾ ಮಾತಾಡ್ತಿದೀನಿ."

ಬಾಗಿಲು ಆಗಲೇ ಮುಚ್ಚಿತ್ತು. ಲಿಫ್ಟ್ ಗೊರಗೊರ ಅಂತ ಇಳೀತು.

ಗಿರಾಕಿಗೆ ಹೆಸರು ಅರ್ಥ ಆಗ್ಲಿಲ್ಲ. ಕಾಯಿಸಿದ್ದಕ್ಕೆ ದೂರು ಕೊಡೋಕೆ ಬೇಕಾಗುತ್ತೆ, ಒಂದೊಂದೇ ಅಕ್ಷರ ಹೇಳಿ ಅಂದ. ಇವಳು ಒಂದೊಂದೇ ಹೇಳಿದ್ಲು, ಅವನು ಒಂದೊಂದೇ ಬರ್ಕೊಂಡ. ಅವನ ಪಾಸ್‌ವರ್ಡ್ ಸರಿ ಮಾಡಿ ಕೊಡೋ ಹೊತ್ತಿಗೆ, ಕಾಲ್ ಕೇಳಿಸ್ಕೊಳ್ತಿದ್ದ ರಾಂಗೆಲ್ ಕೊನೆಗೂ ಬರೆದಿದ್ದ: ಸಬೀನೆ, ಹೆಸರು ತಪ್ಪು ಹೇಳಿದೆ, ಹುಷಾರು.

ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟು ಬಾಲ್ಕನಿಗೆ ಓಡಿದ್ಲು. ಕೆಳಗೆ ಬಸ್ ಸ್ಟಾಪಲ್ಲಿ ದೊಡ್ಡಮ್ಮನ ಬೂದು ಕೋಟು. ಕೂಗಿದ್ಲು. ವಾರವೆಲ್ಲಾ ಮಾತಾಡಿ ಮಾತಾಡಿ ಸವೆದ ಗಂಟಲು, ಗಾಳಿ ಬಂತೇ ಹೊರತು ದನಿ ಬರ್ಲಿಲ್ಲ. ಬಸ್ ಬಂದು ನಿಂತು, ಹೊರಟಾಗ ಸ್ಟಾಪ್ ಖಾಲಿ.

ಒಳಗೆ ಹೆಡ್‌ಫೋನಿಂದ ಯಾರೋ ಸಣ್ಣಗೆ ಜರ್ಮನಲ್ಲಿ ಕರೀತಿದ್ರು. ಇವಳು ವೈರು ಎಳೆದು ಹಾಕಿದ್ಲು. ದೊಡ್ಡಮ್ಮ ಕೂತಿದ್ದ ಕುರ್ಚಿ ಇನ್ನೂ ಹಂಗೇ ಓರೆಯಾಗಿತ್ತು, ಅದರಲ್ಲೇ ಕೂತು ಮೊಬೈಲಿಂದ ಫೋನ್ ಮಾಡಿದ್ಲು. ಬಸ್ಸಲ್ಲಿ, ಬ್ಯಾಗಿನ ತಳದಲ್ಲಿರೋ ಫೋನು ದೊಡ್ಡಮ್ಮಂಗೆ ಕೇಳೋದು ಡೌಟೇ. ಕೇಳಿದ್ರೂ ಎತ್ತುತ್ತಾರೋ ಇಲ್ವೋ. ಆ ಕಡೆ ರಿಂಗ್ ಆಗಿ ಆಗಿ ತಾನೇ ನಿಂತೋಯ್ತು. ನಡುವೆ ರಾಂಗೆಲ್ ಹೆಸರು ಬೆಳಗಿತು, ಕಟ್ ಮಾಡಿದ್ಲು.

ತಣ್ಣಗಾದ ಮೀನು ಒಂದು ತುಂಡು ಮುರಿದು ಬಾಯಿಗಿಟ್ಕೊಂಡು, ದೊಡ್ಡಮ್ಮಂಗೆ ಮತ್ತೆ ಫೋನ್ ಹಚ್ಚಿ, ಈ ಸಲಾನಾದ್ರೂ ಎತ್ತಲಿ ಅಂತ ಕಾಯ್ತಾ ಕೂತ್ಲು.