ಎಂಟನೆಯ ಲೋಟ

ನನ್ನ ಚಿಂತೆ ತೀರಾ ಚಿಕ್ಕದು, ಯಾರ ಹತ್ತಿರವೂ ಹೇಳಿಕೊಳ್ಳುವಂಥದ್ದಲ್ಲ. ನನ್ನ ನೀಲಿ ಅಂಗಿಯ ಕಂಕುಳಲ್ಲಿ ಎರಡೂ ಕಡೆ ಹೊಲಿಗೆ ಬಿಟ್ಟಿದೆ. ಕೈ ಕೆಳಗಿದ್ದರೆ ಗೊತ್ತಾಗುವುದಿಲ್ಲ, ಎತ್ತಿದರೆ ಬಾಯಿ ತೆರೆದುಕೊಳ್ಳುತ್ತದೆ. ಸಭೆಗೆ ಹಾಕಿಕೊಂಡು ಹೋಗುವಂಥ ಅಂಗಿ ಇನ್ನೊಂದಿಲ್ಲ.

"ಸಂಜೆಯವರು ಗೋಡೆ ಕಡೆ ಕೂತ್ಕೊಳ್ಳಿ, ಗೋಡೆ ಕಡೆ," ಎಂದ ವಿದ್ಯಾರ್ಥಿ ಒಕ್ಕೂಟದ ಅಧ್ಯಕ್ಷ, ಮುಖ್ಯ ಕ್ಯಾಂಪಸ್ಸಿನವನು. ನಾನು ಮೇಜಿನ ಹತ್ತಿರ ಒಂದು ಕುರ್ಚಿಯ ಬೆನ್ನು ಹಿಡಿದಿದ್ದೆನಷ್ಟೆ. "ಈ ಮೇಜಿಗೆ ಏಳೇ ಜನ ಹಿಡಿಸೋದು. ಬೇಜಾರ್ ಮಾಡ್ಕೋಬೇಡಿ, ತಪ್ಪು ನಂದಲ್ಲ, ಬಡಗಿದು."

ಎಲ್ಲರೂ ನಕ್ಕರು. ಕಾನೂನು ಕ್ಯಾಂಪಸ್ಸಿನ ಹುಡುಗಿ ಮೂಗು ಅರಳಿಸಿದಳು. "ಬ್ರೆಡ್ ವಾಸನೆ ಬರ್ತಿದೆ ಅಲ್ವಾ? ನಂಗೆ ಹಸಿವಾಗ್ತಿದೆ ಕಣ್ರೋ."

ವಾಸನೆ ನನ್ನದೇ. ಬೆಳಿಗ್ಗೆಯಿಂದ ಮೂರು ಗಂಟೆಯವರೆಗೆ ಬೇಕರಿಯಲ್ಲಿ ಬ್ರೆಡ್ ಕತ್ತರಿಸಿ ಕಟ್ಟುವುದು ನನ್ನ ಕೆಲಸ. ಪದವಿ ಮುಗಿಸಿದ ಮೇಲೂ ಅದೇ. ಸಂಜೆ ಆರಕ್ಕೆ ಎಂ.ಎ. ತರಗತಿ. ನಾನು ಹೋಗಿ ಗೋಡೆಗೆ ಒರಗಿಸಿಟ್ಟ ಮಡಚುವ ಕುರ್ಚಿ ಬಿಡಿಸಿಕೊಂಡು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತೆ.

ನಮ್ಮ ವಿಶ್ವವಿದ್ಯಾಲಯ ಎಂಟು ಕ್ಯಾಂಪಸ್ಸುಗಳಾಗಿ ಊರಿನ ತುಂಬ ಹರಡಿಕೊಂಡಿದೆ. ಒಂದೊಂದಕ್ಕೂ ಅದರದೇ ವಿದ್ಯಾರ್ಥಿ ಸಂಘ. ಎಲ್ಲ ಸಂಘಗಳೂ ಒಬ್ಬೊಬ್ಬರನ್ನು ಒಕ್ಕೂಟಕ್ಕೆ ಕಳಿಸುತ್ತವೆ. ದೊಡ್ಡವರು ಕೂಡುವ ಆಡಳಿತ ಮಂಡಳಿಯಲ್ಲಿ ವಿದ್ಯಾರ್ಥಿಗಳಿಗೆಂದು ಒಂದೇ ಒಂದು ಕುರ್ಚಿ ಇದೆ. ಅದು ವರ್ಷಕ್ಕೊಂದು ಕ್ಯಾಂಪಸ್ಸಿನಂತೆ ಸರದಿಯಲ್ಲಿ ಸುತ್ತುತ್ತದೆ. ಎಲ್ಲರಿಗಿಂತ ಕಡೆಗೆ ಸೇರಿದ್ದು ನಮ್ಮ ಸಂಜೆ ಕ್ಯಾಂಪಸ್ಸು. ಮುಚ್ಚಿಹೋದ ಬಟ್ಟೆ ಗಿರಣಿಯ ಗೋದಾಮಿನಲ್ಲಿ ನಮ್ಮ ತರಗತಿಗಳು ನಡೆಯುತ್ತವೆ.

ಒಕ್ಕೂಟದಲ್ಲಿ ಮತ ಎಣಿಸುವ ಪದ್ಧತಿಯಿಲ್ಲ. ಅಧ್ಯಕ್ಷ ವಿಷಯ ಓದಿ, ಆಕ್ಷೇಪ ಇದೆಯೇ ಎಂದು ಮೂರು ಸಲ ಕೇಳುತ್ತಾನೆ. ಯಾರೂ ಕೈ ಎತ್ತದಿದ್ದರೆ ಸರ್ವಾನುಮತ. ಸಭೆಗೆ ಬಾರದವರೂ ಒಪ್ಪಿದವರ ಲೆಕ್ಕವೇ. ಒಂದೇ ಒಂದು ಕೈ ಎದ್ದರೆ ಮಾತ್ರ ವಿಷಯ ಅಲ್ಲಿಗೇ ಬಿದ್ದುಹೋಗುತ್ತದೆ. ದೊಡ್ಡ ಕ್ಯಾಂಪಸ್ಸು, ಚಿಕ್ಕ ಕ್ಯಾಂಪಸ್ಸು ಎಂಬ ಭೇದ ಇರಬಾರದೆಂದು ಮಾಡಿದ ನಿಯಮವಂತೆ. ಸಭೆ ಮಾತ್ರ ಯಾವಾಗಲೂ ಮಧ್ಯಾಹ್ನ ನಾಲ್ಕಕ್ಕೆ. ನಮ್ಮ ಗೋದಾಮಿನಲ್ಲಿ ಆ ಹೊತ್ತಿಗೆ ಬಿಡುವಿರುವವಳು ನಾನೊಬ್ಬಳೇ. ನಾನು ಆರಿಸಿಬಂದದ್ದು ಹಾಗೆ.

ಕೊನೆಗೆ ಅಧ್ಯಕ್ಷ ಗೋಡೆಯ ಕಡೆ ತಿರುಗಿದ. "ಮುಂದಿನ ಸಭೆಗೆ ಒಂದೇ ವಿಷಯ. ಈ ವರ್ಷ ಆಡಳಿತ ಮಂಡಳಿಯ ಕುರ್ಚಿ ಸಂಜೆಯವರ ಸರದಿ. ಪಾಪ, ಅವರಿಗೆ ಹಗಲೆಲ್ಲ ದುಡಿಮೆ. ಆ ಭಾರ ಬೇರೆ ಯಾಕೆ? ದೊಡ್ಡ ಮನಸ್ಸು ಮಾಡಿ ಮುಖ್ಯ ಕ್ಯಾಂಪಸ್ಸಿಗೆ ಬಿಟ್ಟುಕೊಡ್ತಾರೆ ಅನ್ಕೊಂಡಿದೀನಿ. ಅಲ್ವಾ ಬ್ರೆಡ್ಡಕ್ಕ?"

ನಾನು ಉಗುರಿನ ಸಂದಿಯ ಹಿಟ್ಟು ನೋಡುತ್ತ ಕುಳಿತೆ.

"ನೋಡಿ, ಇದೇ ನಂಗಿಷ್ಟ. ತಂಟೆ ಇಲ್ಲ, ತಕರಾರಿಲ್ಲ," ಎಂದ ಅವನು.

*

ಅವತ್ತು ಸಂಜೆ ಗೋದಾಮಿನಲ್ಲಿ ಮೇಷ್ಟ್ರು ಬರುವ ಮುಂಚೆ ನಡೆದದ್ದನ್ನು ಸಹಪಾಠಿಗಳಿಗೆ ಹೇಳಿದೆ. ಡ್ರೈವರಣ್ಣ ಬಸ್ಸು ಬಿಟ್ಟು ಬಂದ ಖಾಕಿಯಲ್ಲೇ ಹಿಂದಿನ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕುಳಿತಿದ್ದ. ಲಾಂಡ್ರಿ ಅಕ್ಕ ಆಸ್ಪತ್ರೆಯ ಹಾಸಿಗೆಬಟ್ಟೆ ಒಗೆಯುವವಳು, ಬ್ಲೀಚಿನಿಂದ ಅವಳ ಬೆರಳ ತುದಿಗಳು ಬೆಳ್ಳಗೆ ಸುಲಿದಿವೆ.

"ಕೇಳಿದ್ರೆ ಕೊಟ್ಬಿಡು, ಆ ಕುರ್ಚಿ ತಗೊಂಡು ನಾವೇನು ಉಪ್ಪಿನಕಾಯಿ ಹಾಕ್ಬೇಕಾ," ಎಂದ ಡ್ರೈವರಣ್ಣ ಕಣ್ಣು ತೆರೆಯದೆ.

"ಈ ವರ್ಷ ಮಂಡಳಿ ಮುಂದೆ ವಿಲೀನದ ವಿಷಯ ಬರುತ್ತೆ ಅಣ್ಣ," ಎಂದೆ. "ನಮ್ಮನ್ನ ಮುಖ್ಯ ಕ್ಯಾಂಪಸ್ಸಿಗೆ ಸೇರಿಸ್ಕೊಳ್ಳೋದು."

"ಒಳ್ಳೇದೇ ಆಯ್ತಲ್ಲ. ಅಲ್ಲಿ ಫ್ಯಾನಾದ್ರೂ ತಿರುಗುತ್ತೆ."

"ಅಲ್ಲಿ ಐದಕ್ಕೆ ತರಗತಿ ಮುಗಿಯುತ್ತೆ."

ಅವನು ಕಣ್ಣು ತೆರೆದ. ಐದಕ್ಕೆ ಅವನ ಬಸ್ಸು ಊರಿನ ಇನ್ನೊಂದು ತುದಿಯಲ್ಲಿರುತ್ತದೆ. ಲಾಂಡ್ರಿ ಅಕ್ಕನ ಯಂತ್ರ ಆಗಿನ್ನೂ ಹಿಂಡುತ್ತಿರುತ್ತದೆ.

"ಹಲ್ಕಾ ನನ್ಮಕ್ಳು," ಎಂದಳು ಲಾಂಡ್ರಿ ಅಕ್ಕ. "ಕತ್ತು ಹಿಸುಕೋದಕ್ಕೂ ಎಂಥಾ ಚೆಂದದ ಹೆಸರಿಟ್ಟಿದಾರೆ ನೋಡು, ವಿಲೀನ ಅಂತೆ. ಮಂಡಳೀಲಿ ನಮ್ಮೋರೊಬ್ರು ಕೂತ್ಕೊಂಡು ಅರಚಬಾರ್ದು, ಅದಕ್ಕೇ ಕುರ್ಚಿ ಬೇಕು ಅವ್ರಿಗೆ. ನೀನೇನಂದೆ?"

"ಏನೂ ಅನ್ಲಿಲ್ಲ."

"ಅಯ್ಯೋ ನನ್ ತಾಯಿ, ಬಾಯಲ್ಲೂ ಬ್ರೆಡ್ ತುಂಬ್ಕೊಂಡಿದ್ಯಾ?"

"ಅವಳಿಗೆ ಬೈಬೇಡ," ಎಂದ ಡ್ರೈವರಣ್ಣ. "ನಾಲ್ಕು ಗಂಟೆಗೆ ಬಿಡುವಿದೆ ಅಂತ ಆರಿಸಿದ್ದು, ಭಾಷಣ ಬಿಗೀತಾಳೆ ಅಂತಲ್ಲ."

"ನಾನೇ ಹೋಗ್ತಿದ್ದೆ. ನಮ್ ಲಾಂಡ್ರಿ ಮೇಸ್ತ್ರಿ ಉಚ್ಚೆಗೆ ಹೋದ್ರೂ ಗಡಿಯಾರ ನೋಡ್ತಾನೆ, ಅವನ ಮನೆ ಹಾಳಾಗ." ಅವಳು ನನ್ನ ಮುಂದೆ ಬಂದು ನಿಂತಳು. "ಭಾಷಣ ಬೇಡ ಕಣೇ. ಕೈ ಎತ್ತಿದ್ರೆ ಸಾಕು. ಎಲ್ಲಿ, ಎತ್ತು ನೋಡೋಣ."

ನಾನು ಮೊಣಕೈ ಪಕ್ಕೆಗೆ ಅಂಟಿಸಿಕೊಂಡೇ ಅಂಗೈ ಮಾತ್ರ ಎತ್ತಿದೆ.

"ಇದೇನೇ ಇದು, ಬಸ್ ನಿಲ್ಲಿಸ್ತಿದ್ಯಾ?"

"ಇಷ್ಟು ಎತ್ತಿದ್ರೆ ನಾನಂತೂ ನಿಲ್ಲಿಸಲ್ಲ," ಎಂದ ಡ್ರೈವರಣ್ಣ.

ಬೆಂಚಿನಿಂದ ಬೆಂಚಿಗೆ ನಗು ಹರಿಯಿತು. ನಾನೂ ನಕ್ಕೆ. ಕೈ ಮಾತ್ರ ಅದಕ್ಕಿಂತ ಮೇಲೆ ಹೋಗಲಿಲ್ಲ.

*

ಎರಡು ದಿನ ಬಿಟ್ಟು ವಿದ್ಯಾರ್ಥಿ ಕ್ಷೇಮಾಧಿಕಾರಿ ಕರೆಸಿದರು. ಅವರ ಕೋಣೆ ಮುಖ್ಯ ಕಟ್ಟಡದ ಮೊದಲ ಮಹಡಿಯಲ್ಲಿದೆ. ಆ ಮಹಡಿಯನ್ನು ಗುಡಿಸಿ ಒರೆಸುವವಳು ನನ್ನ ಅಮ್ಮ. ಗುತ್ತಿಗೆಯ ಕೆಲಸ. ನಾನು ಒಳಗೆ ಹೋಗುವಾಗ ಅವಳು ಓಣಿಯ ಆ ತುದಿಯಲ್ಲಿ ಬಕೆಟ್ಟು ತಳ್ಳುತ್ತಿದ್ದಳು. ನನ್ನನ್ನು ನೋಡಿ ನಿಂತಳು.

"ಕೂತ್ಕೋಮ್ಮ," ಎಂದರು ಅಧಿಕಾರಿ. ಚಹಾ ಕುಡಿಯುತ್ತಿದ್ದರು. "ಒಳ್ಳೇ ಹುಡುಗಿ ಅಂತ ಕೇಳಿದೀನಿ. ಓದ್ತೀಯ, ದುಡೀತೀಯ. ಒಕ್ಕೂಟದ ರಾಜಕೀಯ ನಿನ್ನಂಥವರಿಗಲ್ಲ. ಮಂಡಳೀಲಿ ಎಲ್ಲ ದೊಡ್ಡ ದೊಡ್ಡವರು ಕೂತಿರ್ತಾರೆ. ಅಲ್ಲಿ ನೀನು ಏನು ಮಾತಾಡ್ತೀಯ?"

ನಾನು ಕುರ್ಚಿಯ ತುದಿಗೆ ಸರಿದು ಕುಳಿತೆ.

"ಹೊರಗೆ ಒರೆಸ್ತಿದಾಳಲ್ಲ, ಅವಳು ನಿಮ್ಮಮ್ಮ ಅಲ್ವಾ?"

ತಲೆಯಾಡಿಸಿದೆ. ಅವರು ಬಟ್ಟಲನ್ನು ತಟ್ಟೆಗೆ ಇಡುವಾಗ ಅಂಚು ತಾಗಿ ಚಹಾ ನೆಲಕ್ಕೆ ಚೆಲ್ಲಿತು. ಬೇಕೆಂದೇ ಚೆಲ್ಲಿದರೋ ಕೈ ಜಾರಿತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಕರೆಗಂಟೆ ಒತ್ತುವಾಗ ಮಾತ್ರ ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

ಅಮ್ಮ ಬಟ್ಟೆ ಹಿಡಿದು ಬಂದಳು, ಮಂಡಿಯೂರಿದಳು. ಚಹಾ ಅವರ ಬೂಟಿನ ಸುತ್ತ ಹರಡಿತ್ತು. ಅವರು ಕಾಲೆತ್ತಲಿಲ್ಲ. ಅಮ್ಮ ಒಂದು ಬೂಟಿನ ಸುತ್ತ ಒರೆಸಿ, ಬಟ್ಟೆ ಹಿಂಡಿ, ಇನ್ನೊಂದರ ಸುತ್ತ ಒರೆಸಿದಳು.

"ಮಗಳನ್ನ ಚೆನ್ನಾಗಿ ಬೆಳೆಸಿದೀಯ ಕಣಮ್ಮ," ಎಂದರು ಅವರು ಅವಳ ತಲೆಯ ಮೇಲಿಂದ. "ಮಾತೇ ಆಡಲ್ಲ. ಹೀಗೇ ಇರ್ಲಿ. ಗುತ್ತಿಗೆದಾರ ಈ ತಿಂಗಳು ಜನ ಕಡಿಮೆ ಮಾಡ್ತೀನಿ ಅಂತಿದ್ದ. ನಿನ್ನ ವಿಷಯ ನಾನು ಹೇಳ್ತೀನಿ ಬಿಡು."

"ಹೂಂ ಸರ್," ಎಂದಳು ಅಮ್ಮ, ನೆಲ ನೋಡುತ್ತ.

ಮನೆಗೆ ಬಂದ ಮೇಲೆ ಅವಳು ಬೈಯಲಿಲ್ಲ. ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಹೇಳಿದಳು: "ಸುಮ್ನಿದ್ಬಿಡು. ಸುಮ್ನಿದ್ದೇ ನಾನಿಷ್ಟು ವರ್ಷ ತಳ್ಳಿಲ್ವಾ?"

"ವಿಲೀನ ಆದ್ರೆ ನನ್ನ ಓದು ನಿಲ್ಲುತ್ತೆ ಅಮ್ಮ."

"ನನ್ ಕೆಲಸ ಹೋದ್ರೆ ಏನೇನು ನಿಲ್ಲುತ್ತೆ ಗೊತ್ತಾ ನಿಂಗೆ?"

ನನಗೆ ಗೊತ್ತಿತ್ತು. ಎಣ್ಣೆಯ ಬಟ್ಟಲನ್ನು ಅವಳ ಹತ್ತಿರ ಸರಿಸಿದೆ.

*

ಸಭೆಯ ದಿನ ಬೆಳಿಗ್ಗೆ ಬೇಕರಿಗೆ ಹೊರಟಾಗ ಅಮ್ಮ ಬಾಗಿಲಲ್ಲಿ ತಡೆದಳು. "ಬಾ ಇಲ್ಲಿ. ಹೊಲಿಯೋಕೆ ಹೊತ್ತಿಲ್ಲ." ಎರಡೂ ಕಂಕುಳಿಗೆ ಒಂದೊಂದು ಪಿನ್ನು ಚುಚ್ಚಿ ಹರಿದ ಬಾಯಿ ಮುಚ್ಚಿದಳು. ಅವಳಿಗೆ ಅದು ಗೊತ್ತಿತ್ತೆಂದು ನನಗೆ ಗೊತ್ತಿರಲಿಲ್ಲ.

"ಹಳೇ ಪಿನ್ನು, ಬಿಚ್ಕೊಳ್ಳುತ್ತೆ," ಎಂದಳು. "ಕೈ ಎತ್ಬೇಡ. ಚುಚ್ಚುತ್ತೆ."

ಹೇಳಬೇಕಾದ್ದನ್ನೆಲ್ಲ ಅಷ್ಟರಲ್ಲೇ ಹೇಳಿ ಮುಗಿಸಿ ಒಳಗೆ ಹೋದಳು.

ಮಧ್ಯಾಹ್ನ ಒಂದೂವರೆಗೆ, ಎರಡನೇ ಒಲೆಯ ಬ್ರೆಡ್ಡು ಹೊರಗೆ ಬರುತ್ತಿರುವಾಗ, ಬೇಕರಿಯ ಫೋನು ಹೊಡೆದುಕೊಂಡಿತು. ಯಜಮಾನ ರಿಸೀವರು ನನ್ನತ್ತ ಚಾಚಿದ. "ನಿಮ್ಮಮ್ಮನಂತೆ. ಬೇಗ ಮುಗಿಸು."

"ಲೋಟ ಇಡೋಕೆ ಹೇಳಿದಾರೆ," ಎಂದಳು ಅಮ್ಮ ಪಿಸುದನಿಯಲ್ಲಿ. ಹಿಂದೆ ನಲ್ಲಿಯ ಸದ್ದು ಕೇಳುತ್ತಿತ್ತು. "ಒಕ್ಕೂಟದ ಕೋಣೇಲಿ."

"ನಾಲ್ಕಕ್ಕೆ ತಾನೆ?"

"ಎರಡಕ್ಕೆ."

ನಾನು ಗೋಡೆಯ ಗಡಿಯಾರ ನೋಡಿದೆ. ಬಾರದವರೂ ಒಪ್ಪಿದವರೇ.

"ಏಳು ಲೋಟ ಇಡು ಅಂದ್ರು," ಎಂದಳು ಅಮ್ಮ. "ನಾನು ಎಂಟು ಇಟ್ಟಿದೀನಿ."

"ಅಮ್ಮ, ಸುಮ್ನಿರು ಅಂದಿದ್ದೆ ನೀನು."

"ಈಗ ನಾನೇನಂದೆ? ಲೋಟ ಇಟ್ಟೆ ಅಂದೆ, ಅಷ್ಟೇ." ಫೋನು ಇಟ್ಟುಬಿಟ್ಟಳು.

ನಾನು ಏಪ್ರನ್ ಬಿಚ್ಚಿ ಮೊಳೆಗೆ ಹಾಕಿದೆ. ಯಜಮಾನ ನೋಡುತ್ತಿದ್ದ.

"ಎಲ್ಲಿಗೆ ಸವಾರಿ? ಟ್ರೇ ಯಾರು, ನಿಮ್ಮಪ್ಪ ಎತ್ತುತ್ತಾನಾ? ಈಗ ಹೋದ್ರೆ ಹಾಗೇ ಹೋಗು, ನಾಳೆ ಮುಖ ತೋರಿಸ್ಬೇಡ."

ನಾನು ಹಾಗೇ ಹೋದೆ. ಬಸ್ಸಿಗೆ ಕಾಯಲಿಲ್ಲ. ಓಡಿದೆ.

*

ಬಾಗಿಲು ತಳ್ಳಿದಾಗ ಅಧ್ಯಕ್ಷ ಆಗಲೇ ವಿಷಯ ಓದಿ ಮುಗಿಸಿದ್ದ. "ಮಂಡಳಿಯ ಸ್ಥಾನವನ್ನು ಮುಖ್ಯ ಕ್ಯಾಂಪಸ್ಸಿಗೆ ವಹಿಸಲು ಆಕ್ಷೇಪ ಇದೆಯೇ? ಒಂದನೇ ಸಲ."

ನನ್ನನ್ನು ನೋಡಿದ. "ಅರೆ, ನಿಮಗೆ ನಾಲ್ಕು ಅಂತ ಅಲ್ವಾ ಹೇಳಿದ್ದು?" ಎಂದವನು ಕೂಡಲೇ ಬಾಯಿ ಮುಚ್ಚಿಕೊಂಡ. ಯಾರೋ ಕಿಸಕ್ಕೆಂದರು.

ಕ್ಷೇಮಾಧಿಕಾರಿ ವೀಕ್ಷಕರೆಂದು ಮೇಜಿನಿಂದ ಆಚೆ, ಕಿಟಕಿಯ ಬಳಿ ಕುಳಿತಿದ್ದರು. ಮೂಲೆಯಲ್ಲಿ ಅಮ್ಮ ನೀರಿನ ಜಗ್ಗು ಹಿಡಿದು ನಿಂತಿದ್ದಳು. ಮೇಜಿನ ಮೇಲೆ ಏಳು ಜನರ ಮುಂದೆ ಏಳು ಲೋಟ. ಕಾನೂನಿನ ಹುಡುಗಿಗೂ ಎಂಜಿನಿಯರಿಂಗಿನ ಹುಡುಗನಿಗೂ ನಡುವೆ, ಕುರ್ಚಿಯೇ ಇಲ್ಲದ ಜಾಗದಲ್ಲಿ, ಎಂಟನೆಯದು.

ನಾನು ಗೋಡೆಯ ಮಡಚುವ ಕುರ್ಚಿಯನ್ನು ಎಳೆದುಕೊಂಡು ಹೊರಟೆ. ಎತ್ತಿಕೊಂಡು ಹೋಗಬಹುದಿತ್ತು. ಎಳೆದೆ. ಅದು ನೆಲದುದ್ದಕ್ಕೂ ಕಿರುಚುತ್ತ ಬಂತು. ಎಂಜಿನಿಯರಿಂಗಿನ ಹುಡುಗ ತನ್ನ ಕುರ್ಚಿ ಸರಿಸಿಕೊಂಡ. ನಾನು ಆ ಲೋಟದ ಮುಂದೆ ಕುಳಿತೆ. ಮೇಜಿಗೆ ಎಂಟು ಜನ ಹಿಡಿಸಿದರು.

"ಏಯ್, ಎಂಟು ಲೋಟ ಇಡು ಅಂದವರ್ಯಾರು?" ಅಧಿಕಾರಿ ಅಮ್ಮನ ಕಡೆ ತಿರುಗಿದರು. "ತೆಗಿ ಅದನ್ನ."

ಅಮ್ಮ ನಡೆದುಬಂದು ನನ್ನ ಪಕ್ಕ ನಿಂತಳು. ಅವಳ ಸೆರಗಿನಿಂದ ಫಿನಾಯಿಲಿನ ವಾಸನೆ, ನನ್ನ ಮೈಯಿಂದ ಬ್ರೆಡ್ಡಿನದು. ಅವಳು ಜಗ್ಗು ಬಗ್ಗಿಸಿ ಲೋಟದ ಕಂಠದವರೆಗೂ ನೀರು ತುಂಬಿದಳು.

"ತುಂಬಿಬಿಟ್ಟೆ ಸರ್," ಎಂದಳು. "ಈಗ ತೆಗೆದ್ರೆ ಚೆಲ್ಲುತ್ತೆ."

ಅಧಿಕಾರಿಯ ಮುಖ ಕೆಂಪಾಯಿತು. "ಹೊರಗೆ ನಡಿ ನೀನು. ಆಮೇಲೆ ನೋಡ್ಕೊಳ್ತೀನಿ."

ಅಮ್ಮ ಬಾಗಿಲವರೆಗೆ ಹೋದಳು. ಹೊರಗೆ ಹೋಗಲಿಲ್ಲ.

"ಎರಡನೇ ಸಲ," ಎಂದ ಅಧ್ಯಕ್ಷ ಅವಸರದಲ್ಲಿ.

ನನ್ನ ಕೈ ಮಡಿಲಲ್ಲೇ ಇತ್ತು. ಹಿಟ್ಟು ಬೆವರಿಗೆ ಕಲಸಿ ಬೆರಳುಗಳ ನಡುವೆ ಅಂಟಾಗಿತ್ತು. ನಾನು ಲೋಟ ತೆಗೆದುಕೊಂಡು ಪೂರ್ತಿ ನೀರು ಕುಡಿದೆ. ಕುಡಿದು ಮುಗಿಸುವವರೆಗೂ ಎಲ್ಲರೂ ನೋಡುತ್ತಿದ್ದರು.

"ಮೂರನೇ..."

ಕೈ ಎತ್ತಿದೆ. ಪಕ್ಕೆಗೆ ಅಂಟಿದ ಮೊಣಕೈ ಬಿಟ್ಟುಕೊಂಡಿತು, ತೋಳು ಕಿವಿಗೆ ತಾಗುವಷ್ಟು ಮೇಲೆ ಹೋಯಿತು. ಪಿನ್ನು ಟಕ್ಕೆಂದು ಬಿಚ್ಚಿ ಚುಚ್ಚಿತು. ಹೊಲಿಗೆ ಪರ್ರನೆ ಹರಿದ ಸದ್ದು ಮೇಜಿನ ಆ ತುದಿಗೂ ಕೇಳಿರಬೇಕು. ಕಾನೂನಿನ ಹುಡುಗಿಯ ಕಣ್ಣು ಸೀದಾ ಅಲ್ಲಿಗೇ ಹೋಯಿತು. ನೋಡಲಿ ಎಂದು ಬಿಟ್ಟೆ.

ಅಧ್ಯಕ್ಷ ನಗಲು ನೋಡಿದ. "ಏನು ಬ್ರೆಡ್ಡಕ್ಕ, ಬಾತ್‌ರೂಮಾ? ಎದ್ದು ಹೋಗಿ, ಅದಕ್ಕೆ ಒಕ್ಕೂಟದ ಅಪ್ಪಣೆ ಬೇಡ."

ಕೆಲವರು ನಕ್ಕರು. ನಾನು ಕೈ ಇಳಿಸಲಿಲ್ಲ. ಪಿನ್ನಿನ ಮೊನೆ ಚರ್ಮದೊಳಗೇ ಇತ್ತು, ಏನೋ ಬೆಚ್ಚಗೆ ಪಕ್ಕೆಗೆ ಇಳಿಯುತ್ತಿತ್ತು. ಬಾಗಿಲಲ್ಲಿ ಅಮ್ಮ ಖಾಲಿ ಜಗ್ಗನ್ನು ಎದೆಗೆ ಅವುಚಿಕೊಂಡಿದ್ದಳು.

"ಅಲ್ಲ," ಎಂದೆ. ನನ್ನ ದನಿ ನಾನಂದುಕೊಂಡದ್ದಕ್ಕಿಂತ ದಪ್ಪಗಿತ್ತು. "ಆಕ್ಷೇಪ ಇದೆ. ಕುರ್ಚಿ ನಮ್ದು. ಕೊಡಲ್ಲ."